ಡಿಸ್ಕಿಗೆ ಗಾಳಿ ಬೇಕು, ಧೂಳು ಬೇಡ

ಮಕರ ಕಳೆದು ಕುಂಭ ಬಂತೆಂದರೆ ನಮ್ಮ ಬೇಗೂರಿನ ಕಡೆ ಧೂಳಿನ ಕಾಲ. ತೋಲ್ಪೆಟ್ಟಿ ದಾಟಿ ಕುಟ್ಟಕ್ಕೆ ಹೋಗುವ ರಸ್ತೆಬದಿಯ ಮಣ್ಣು, ಕಣದಲ್ಲಿ ಒಣಗಿದ ಕಾಫಿಯ ಸಿಪ್ಪೆ, ಒಲೆಯ ಹೊಗೆ ಎಲ್ಲವೂ ಮನೆಯೊಳಗೆ ಬಂದು ಕೂರುತ್ತವೆ. ಮಲಯಾಳದಲ್ಲಿ ಇದನ್ನು ಪೊಡಿ ಎನ್ನುತ್ತೇವೆ. ನಮ್ಮ ಪುಡಿಗೆ ಅದು ಅಕ್ಕನೋ ತಂಗಿಯೋ ಆಗಬೇಕು. ಯಾವ ಹೆಸರಿನಿಂದ ಕರೆದರೂ ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ಬೇಡದ ನೆಂಟ.

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹಾರ್ಡ್ ಡಿಸ್ಕ್ ಎಂಬ ಭಾಗವಿದೆ. ಕುಟುಂಬಶ್ರೀ ಲೆಕ್ಕ, ಜಮೀನಿನ ಕಾಗದಗಳ ಪ್ರತಿ, ತೀರಿಹೋದ ಹಿರಿಯರ ಫೋಟೊ ಎಲ್ಲವೂ ಇರುವುದು ಅಲ್ಲಿಯೇ. ಅದರೊಳಗಿನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ತಲೆಗೂ ತಟ್ಟೆಗೂ ನಡುವಿನ ಅಂತರ ನಮ್ಮ ತಲೆಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ.

ಹಾಗಾದರೆ ಧೂಳು ಅದರೊಳಗೆ ಹೊಕ್ಕುಬಿಡುತ್ತದೆಯೇ? ಇಲ್ಲ. ಡಿಸ್ಕನ್ನು ಭದ್ರವಾಗಿ ಮುಚ್ಚಿರುತ್ತಾರೆ. ಸಾಮಾನ್ಯ ಡಿಸ್ಕಿನಲ್ಲಿ ಉಸಿರಾಡಲು ಒಂದು ಸಣ್ಣ ರಂಧ್ರವಿದ್ದು, ಅದಕ್ಕೆ ಸೋಸುವ ಪದರವಿರುತ್ತದೆ. ಆ ರಂಧ್ರದ ಮೇಲೆ ಚೀಟಿ ಅಂಟಿಸಬೇಡಿ. ಡಿಸ್ಕಿನ ತಿರುಪು ಬಿಚ್ಚಲೇಬೇಡಿ. ಧೂಳು ಕೆಡುಕು ಮಾಡುವುದು ಹೊರಗಿನಿಂದ. ಪೆಟ್ಟಿಗೆಯ ಜಾಲರಿಯಲ್ಲೂ ಫ್ಯಾನಿನ ರೆಕ್ಕೆಯಲ್ಲೂ ಕೂತು ಗಾಳಿಯ ದಾರಿ ಕಟ್ಟುತ್ತದೆ. ಗಾಳಿ ಕಟ್ಟಿದರೆ ಒಳಗೆ ಕಾವು ಏರುತ್ತದೆ.

ಆದ್ದರಿಂದ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಅಲುಗಾಡದ ಮಣೆಯ ಮೇಲಿಡಿ. ಗೋಡೆಯಿಂದ ಒಂದು ಗೇಣು ದೂರವಿರಲಿ. ಒಲೆಯ ಕೋಣೆ ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ. ಧೂಳಿಗೆ ಹೆದರಿ, ಓಡುತ್ತಿರುವ ಕಂಪ್ಯೂಟರಿಗೆ ಬಟ್ಟೆ ಹೊದಿಸುವವರಿದ್ದಾರೆ. ಅದು ಜ್ವರ ಬಂದವರಿಗೆ ಕಂಬಳಿ ಹೊದಿಸಿದ ಹಾಗೆ. ಆರಿಸಿ, ತಣ್ಣಗಾದ ಮೇಲೆ ಮಾತ್ರ ಮುಚ್ಚಿರಿ.

ಧೂಳಿನ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಶುಚಿ ಮಾಡಿ. ಮೊದಲು ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಡಿ. ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ. ಮೈಯಲ್ಲಿನ ವಿದ್ಯುತ್ತು ಅಲ್ಲಿಗೆ ಹೋಗುತ್ತದೆ. ಒಣಗಿದ, ಮೆತ್ತನೆಯ ಬಣ್ಣದ ಬ್ರಶ್ಶಿನಿಂದ ಧೂಳನ್ನು ಹೊರಕ್ಕೆ ಸವರಿ. ಫ್ಯಾನನ್ನು ಬೆರಳಿನಿಂದ ತಡೆಹಿಡಿದು ಒರೆಸಿ. ಒದ್ದೆ ಬಟ್ಟೆ ತಾಗಿಸಬೇಡಿ. ಬಾಯಿಂದ ಊದಿದರೆ ಎಂಜಲಿನ ತೇವವೂ ಹೋಗುತ್ತದೆ.

ಕಾವು ಎಷ್ಟಿದೆಯೆಂದು ತಿಳಿಯಲು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶವಿದೆ. ಅದು 45 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ. ಹಾಗೆಂದು ಐಸಿನಂತೆ ತಣ್ಣಗಿರಬೇಕಾಗಿಲ್ಲ. 2007ರಲ್ಲಿ ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅನುಭವವನ್ನು ಪ್ರಕಟಿಸಿದರು. ಕಾವಿನ ಕೆಡುಕು ಎದ್ದು ಕಂಡದ್ದು ಬಹಳ ಬಿಸಿಯಾದ, ಹಳೆಯ ಡಿಸ್ಕ್‌ಗಳಲ್ಲಿ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿತ್ತು: ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕ್‌ಗಳು ಮುಖ್ಯವಾದ ನಾಲ್ಕು ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಅಂದರೆ ಎಷ್ಟು ಜೋಪಾನ ಮಾಡಿದರೂ ಡಿಸ್ಕು ಹೇಳದೆ ಕೇಳದೆ ಹೋಗಬಹುದು. ಶುಚಿತ್ವದಿಂದ ಅದರ ಆಯಸ್ಸು ಹೆಚ್ಚೀತು, ಅಮರತ್ವ ಬಾರದು. ಬಿತ್ತನೆಯ ಭತ್ತವನ್ನು ನಾವು ಒಂದೇ ಮೂಟೆಯಲ್ಲಿ ಇಡುತ್ತೇವೆಯೇ? ಹಾಗೆಯೇ ಲೆಕ್ಕದ, ಫೋಟೊಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಬೇರೆ ಮನೆಯಲ್ಲಿಡಿ. ಟಕ್ ಟಕ್ ಎಂಬ ಹೊಸ ಸದ್ದು ಕೇಳಿಬಂದರೆ ಬೇರೆ ಕೆಲಸ ನಿಲ್ಲಿಸಿ, ಮುಖ್ಯವಾದುದನ್ನು ಮೊದಲು ಉಳಿಸಿಕೊಳ್ಳಿ.

ಈ ವಾರ ಬ್ರಶ್ಶು ಹಿಡಿಯುವ ಮೊದಲು ಪ್ರತಿ ತೆಗೆಯಿರಿ. ಧೂಳು ಒರೆಸುವುದಕ್ಕೆ ನಾಳೆ ಇದ್ದೇ ಇದೆ.