ಪಟ್ಟಿಯಲ್ಲಿಲ್ಲದ ಕವಿ
(ಹರಿಹರ ತಾಲ್ಲೂಕು ಸಾರಥಿಯಲ್ಲಿ, ಗ್ರಂಥಾಲಯದ ಕಾವ್ಯಸಂಜೆಯಂದು ಮಾಡಿದ ಭಾಷಣ)



ಕವಿಗಳು ಓದುವುದಕ್ಕೆ ಮೊದಲು ನಾನು ನಾಲ್ಕು ಮಾತುಗಳನ್ನಾಡಬೇಕೆಂದು ಈ ಊರಿನ ಗೆಳೆಯರು ಅಪ್ಪಣೆ ಮಾಡಿರುವರು. ನಾನು ಕವಿಯಲ್ಲ, ಕೋರ್ಟಿನಲ್ಲಿ ಅನ್ಯರ ಪರವಾಗಿ ಮಾತನಾಡಿ ಹೊಟ್ಟೆ ಹೊರೆಯುವವನು. ಕವಿಗಳ ನಡುವೆ ವಕೀಲನಿಗೇನು ಕೆಲಸವೆಂದು ತಾವು ಕೇಳಬಹುದು. ತಪ್ಪೊಪ್ಪಿಗೆಯೊಂದನ್ನು ಮಾಡಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಇಂತಹುದೇ ಒಂದು ಗ್ರಂಥಾಲಯದಲ್ಲಿ ನಡೆದ ಕವಿಗೋಷ್ಠಿಯ ನಿರ್ವಹಣೆ ನನ್ನ ಪಾಲಿಗೆ ಬಂದಿದ್ದಿತು. ಅಚ್ಚಾದ ಆಮಂತ್ರಣಪತ್ರಿಕೆ, ಅದರಲ್ಲಿ ಇಪ್ಪತ್ತನಾಲ್ಕು ಹೆಸರು. ಸ್ವಾಗತ, ಮಾಲಾರ್ಪಣೆ, ಆಶಯಭಾಷಣಗಳಲ್ಲಿಯೇ ಒಂದೂವರೆ ಗಂಟೆ ಕಳೆಯಿತು. ತಮ್ಮ ಸರದಿ ಮುಗಿದ ಕವಿಗಳು ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು ಒಬ್ಬೊಬ್ಬರಾಗಿ ಎದ್ದುಹೋದರು. ಇಪ್ಪತ್ತನಾಲ್ಕನೆಯವರು ಓದುವಾಗ ಕೇಳುವುದಕ್ಕೆ ಉಳಿದವರು ಮೂವರು: ನಾನು, ಕುರ್ಚಿಗಳನ್ನು ಎತ್ತಿಡಲು ಕಾದು ನಿಂತಿದ್ದ ಹುಡುಗ, ಮತ್ತು ಮೊದಲಿನಿಂದಲೂ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು. ಆಕೆ ಮಡಿಸಿದ ಕಾಗದವೊಂದನ್ನು ಹಿಡಿದು ಮುಂದೆ ಬಂದು, “ಸರ್, ನಾನೂ ಒಂದ್ ಓದ್ಲೇನ್ರಿ?” ಎಂದು ಕೇಳಿದಳು. “ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ ತಾಯಿ” ಎಂದೆನು. ಆಕೆ ಮರುಮಾತಾಡಲಿಲ್ಲ, ಕಾಗದವನ್ನು ಮತ್ತೊಮ್ಮೆ ಮಡಿಸಿ ಸೆರಗಿನ ಗಂಟಿಗೆ ಸೇರಿಸಿ ಹೊರಟುಹೋದಳು. ಅದರಲ್ಲಿ ಏನು ಬರೆದಿದ್ದಿತೋ ನನಗೆ ಇಂದಿಗೂ ತಿಳಿಯದು.

ಕಾಯಿದೆ ಬಲ್ಲವನಾಗಿಯೂ ನಾನು ಅಂದು ಕಾಯಿದೆಯನ್ನೇ ಮರೆತಿದ್ದೆನು. ನಮ್ಮ ರಾಜ್ಯಕ್ಕೆ ಮೈಸೂರೆಂಬ ಹೆಸರಿದ್ದಾಗಲೇ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಅದರಂತೆ ಮನೆಗಂದಾಯದೊಡನೆ ಗ್ರಂಥಾಲಯ ಕರವೂ ಸೇರಿ ವಸೂಲಾಗುವುದು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಹೆಸರು ಯಾವುದಾದರೂ ಆಗಲಿ, ಹಣ ಜನರದು. ಎರಡಂಕಣದ ಮನೆಯವಳೂ ಆ ಕರವನ್ನು ತೆತ್ತವಳೇ. ಅಂದರೆ, ಆ ಸಂಜೆ ಅವಳದೇ ಸೂರಿನ ಕೆಳಗೆ ನಿಂತು ನಾನು ಅವಳಿಗೆ ಇಲ್ಲವೆಂದೆನು!

ಪಟ್ಟಿಯೇ ಬೇಡವೆಂದು ನಾನು ವಾದಿಸುವವನಲ್ಲ. 1922ರಲ್ಲಿ ದಾವಣಗೆರೆಯಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿಯೂ, 1992ರಲ್ಲಿ ಅಲ್ಲಿಯೇ ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿಯೂ ಸಾಹಿತ್ಯ ಸಮ್ಮೇಳನಗಳು ನೆರೆದುವು. ನಾಡೇ ಕೂಡುವಲ್ಲಿ ಪಟ್ಟಿಯಿಲ್ಲದೆ ನಡೆಯದು. ಆದರೆ ನಲವತ್ತು ಜನ ಕೂಡುವ ಊರಿನ ಗ್ರಂಥಾಲಯವು ಸಮ್ಮೇಳನದ ವೇಷವನ್ನೇಕೆ ಹಾಕಬೇಕು?

ಇಲ್ಲಿಗೆ ಸಮೀಪದಲ್ಲಿರುವ ಹರಿಹರೇಶ್ವರ ದೇಗುಲವನ್ನು ತಾವೆಲ್ಲರೂ ಬಲ್ಲಿರಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಥ ಪೋಲಾಳ್ವನು 1224ರಲ್ಲಿ ಕಟ್ಟಿಸಿದುದು. ಅಲ್ಲಿಯ ಶಾಸನಗಳಲ್ಲಿ ಪದ್ಯಗಳುಂಟು. ಕಲ್ಲಿನ ಮೇಲೆ ಪದ್ಯ ಕೆತ್ತಿಸಬೇಕಾದರೆ ದಂಡನಾಥನ ದ್ರವ್ಯ ಬೇಕಾಗಿದ್ದಿತು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಹೆಂಗಸರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವರ ಹಾಡುಗಳು ಬಾಯಿಂದ ಬಾಯಿಗೆ ಸಾಗಿ, ಎಷ್ಟೋ ಕಾಲದ ಮೇಲೆ ಪುಸ್ತಕ ಸೇರಿದುವು. ಕುಮಾರವ್ಯಾಸನ ಭಾರತವನ್ನು ನಮ್ಮ ಹಳ್ಳಿಗರು ಕಣ್ಣಿನಿಂದ ಓದಿದುದಕ್ಕಿಂತ ಕಿವಿಯಿಂದ ಓದಿದುದೇ ಹೆಚ್ಚು. ಒಬ್ಬನು ವಾಚಿಸುವನು, ಇನ್ನೊಬ್ಬನು ಅರ್ಥ ಹೇಳುವನು, ಅಕ್ಷರವರಿಯದವನೂ ಮರುದಿನ ಹೊಲದಲ್ಲಿ ಅದೇ ಪದ್ಯವನ್ನು ಗುನುಗುವನು. ಈಗಿನ ಹುಡುಗರು ‘ಓಪನ್ ಮೈಕ್’ ಎಂದು ಕರೆಯುವ ತೆರೆದ ವೇದಿಕೆ ನನಗೆ ಪರಕೀಯವೆನಿಸದಿರುವುದು ಈ ಕಾರಣದಿಂದಲೇ. ಮೈಕೊಂದು ಹೊಸದು, ಅಷ್ಟೆ.

ಕೇಳುವವರಿಗೂ ಒಂದು ಮಾತು. ನಮ್ಮ ನೆರೆಯ ಉರ್ದು ಬಲ್ಲವರ ಮುಷಾಯಿರಕ್ಕೆ ಹೋಗಿ ನೋಡಿರಿ. ಒಳ್ಳೆಯ ಸಾಲೊಂದು ಬಂದೊಡನೆ ಸಭೆಯೇ ‘ವಾಹ್’ ಎನ್ನುವುದು. ಮತ್ತೊಮ್ಮೆ ಹೇಳೆಂದು ಕೇಳುವುದು. ನಾವಾದರೋ ಸಾಲು ಮುಟ್ಟಿದರೂ ಮುಟ್ಟದಿದ್ದರೂ ಕೊನೆಯಲ್ಲಿ ಒಂದೇ ಅಳತೆಯ ಚಪ್ಪಾಳೆ ತಟ್ಟಿ ಮುಗಿಸುವೆವು. ಕವಿಗೆ ತನ್ನ ಯಾವ ಮಾತು ತಾಗಿತೆಂಬುದು ತಿಳಿಯುವ ಬಗೆಯೆಂತು?

ಇನ್ನು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು, “ನಮಗಿರುವುದು ಇದೊಂದೇ ಶಾಂತವಾದ ಸ್ಥಳ, ಇಲ್ಲಿ ಕವಿತೆಯ ಗದ್ದಲವೇಕೆ?” ಎನ್ನುವರು. ಅವರ ವಾದ ನ್ಯಾಯವಾದುದು. ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದ ಮಕ್ಕಳು ಅವರು. ನೌಕರಿಯೊಂದು ದೊರೆತರೆ ಒಂದು ಕುಟುಂಬವೇ ಎದ್ದುನಿಲ್ಲುವುದು. ಕಾವ್ಯದ ಹೆಸರಿನಲ್ಲಿ ಅವರನ್ನು ಎಬ್ಬಿಸುವ ಹಕ್ಕು ನಮಗಿಲ್ಲ. ಆದುದರಿಂದ ತಿಂಗಳಿಗೆ ಒಂದೇ ಸಂಜೆ, ಓದುವ ವೇಳೆ ಕಳೆದ ಮೇಲೆ, ಇಂದಿನಂತೆ ಹೊರಗಿನ ಜಗಲಿಯಲ್ಲಿ ನಾವು ಕೂಡುವುದೇ ಸರಿ. ಅವರಲ್ಲಿ ಇಬ್ಬರು ಪುಸ್ತಕ ಮುಚ್ಚಿ ಇತ್ತ ಬಂದು ಕುಳಿತಿರುವುದನ್ನು ನಾನು ಕಂಡಿದ್ದೇನೆ. ಅವರ ಚೀಟಿಯೂ ಪೆಟ್ಟಿಗೆಯಲ್ಲಿರಬಹುದು.

ಪೆಟ್ಟಿಗೆಯ ವಿಷಯ ತಮಗೆ ಗೊತ್ತೇ ಇದೆ. ಬಂದವರು ಹೆಸರು ಬರೆದು ಹಾಕಿರುವರು. ಕೈಗೆ ಸಿಕ್ಕ ಚೀಟಿಯವರು ಎದ್ದು ಓದತಕ್ಕದ್ದು. ಹಾರವಿಲ್ಲ, ಪ್ರಮಾಣಪತ್ರವಿಲ್ಲ. ಓದಿದವರು ಕೊನೆಯ ಕವಿತೆಯವರೆಗೆ ಕುಳಿತು ಕೇಳಬೇಕೆಂಬುದೊಂದೇ ಕರಾರು. ಓದಿದುದರ ಪ್ರತಿಯೊಂದನ್ನು ಇಲ್ಲಿಯೇ ಬಿಟ್ಟುಹೋದರೆ, ವರ್ಷಾಂತ್ಯದಲ್ಲಿ ಹೊಲಿಸಿ ರಟ್ಟು ಹಾಕಿಸಿ ಕಪಾಟಿನಲ್ಲಿಡುವುದಾಗಿ ಗ್ರಂಥಪಾಲಕರು ಒಪ್ಪಿರುವರು. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಬರೆದುಕೊಳ್ಳುವ ಕೆಲಸ ನನಗಿರಲಿ. ಅರ್ಜಿ ಬರೆದು ರೂಢಿಯಾದ ಕೈ ಇದು.

ಮೊದಲ ಚೀಟಿಯನ್ನು ಆ ಮುಂದಿನ ಸಾಲಿನ ಮಗು ಎತ್ತಲಿ. ನಾನು ಕೆಳಗೆ ಬಂದು ಕುಳಿತುಕೊಳ್ಳುವೆನು.