ಮೀನು ಜಾಸ್ತಿ ಆಯ್ತು, ದೊಡ್ಡ ಮೀನು ಎಲ್ಲಿ ಹೋಯ್ತು?

ಆರ್‌ಪಿಸಿ ಲೇಔಟ್‌ನ ನನ್ನ ರೂಮಿನಿಂದ ಮಾತಾಡ್ತಿದೀನಿ. ಇವತ್ತು ನಮ್ಮ ಬೀದಿಗೆ ನೀರು ಬಿಡೋ ದಿನ. ಹಿಂದೆ ಸಂಪಿಗೆ ನೀರು ಬೀಳೋ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇವತ್ತಿನ ಎಪಿಸೋಡೂ ಆ ನೀರಿನದ್ದೇ.

ಅಮೆರಿಕದ ಫ್ಲೈ ಫಿಶಿಂಗ್ ವೀಡಿಯೊ ನೀವೂ ನೋಡಿರ್ತೀರಿ. ಬೀವರ್ ಅನ್ನೋ ಪ್ರಾಣಿ ಮರ ಕಡಿದು ತೊರೆಗೆ ಒಡ್ಡು ಕಟ್ಟುತ್ತೆ. ಹಾಗೆ ನಿಂತ ನೀರಲ್ಲಿ ಟ್ರೌಟ್ ಮೀನು ಇರುತ್ತೆ. ಕೊಕ್ಕೆಗೆ ಪುಕ್ಕ, ದಾರ ಸುತ್ತಿ ಹುಳದ ಥರ ಮಾಡಿ ಅದನ್ನ ಹಿಡೀತಾರೆ.

ನಮ್ಮಲ್ಲಿ ಬೀವರ್ ಇಲ್ಲ. ಆದ್ರೆ ಕಾವೇರಿಯಲ್ಲಿ ಬಂಡೆಗಳ ನಡುವೆ ಆಳವಾದ ಮಡುಗಳಿವೆ, ಅಲ್ಲಿ ಮಹಶೀರ್ ಇದೆ. ನಮ್ಮ ನಲ್ಲಿ ನೀರನ್ನ ಶಿವನಸಮುದ್ರದ ಹತ್ತಿರ ನದಿಯಿಂದ ತಗೊಂಡು, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ಪಂಪ್ ಮಾಡ್ತಾರೆ. ಅದೇ ನದಿ ಇನ್ನೂ ಕೆಳಗೆ ಹರಿದ್ರೆ ಭೀಮೇಶ್ವರಿ, ಗಾಳಿಬೋರೆ. ದೇಶ ವಿದೇಶದವರು ಗಾಳ ಹಾಕೋಕೆ ಬರ್ತಿದ್ದ ಜಾಗ. ಅಲ್ಲಿನ ಫೇಮಸ್ ಎರೆ ಯಾವುದು ಗೊತ್ತಾ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ!

ಈ ಮೀನು ಎಷ್ಟು ದೊಡ್ಡದು? 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದ್ರೆ ಸುಮಾರು 54 ಕೆಜಿ. ಅದು ಬೆನ್ನು ಉಬ್ಬಿರೋ, ಕಿತ್ತಳೆ ರೆಕ್ಕೆಯ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ, ನಾನು ಬಿ.ಕಾಂ ಓದಿದ್ದು ಸಾರ್ಥಕ ಆಗ್ಲಿ. ಗಾಳಿಬೋರೆ ಕ್ಯಾಂಪಲ್ಲಿ ಹಿಡಿದ ಮೀನನ್ನ ತೂಕ ಮಾಡಿ, ಬರೆದಿಟ್ಟು, ವಾಪಸ್ ನದಿಗೆ ಬಿಡ್ತಿದ್ರು. 1998ರಿಂದ 2012ರವರೆಗಿನ ಆ ಲಾಗ್‌ಬುಕ್‌ಗಳನ್ನ ವಿಜ್ಞಾನಿಗಳು ಕೂತು ಓದಿದ್ರು. 23,000ಕ್ಕೂ ಹೆಚ್ಚು ಗಂಟೆಗಳ ಗಾಳ, 6,000ಕ್ಕೂ ಹೆಚ್ಚು ಮೀನು. ವರ್ಷದಿಂದ ವರ್ಷಕ್ಕೆ ಸಿಗೋ ಮೀನಿನ ಸಂಖ್ಯೆ ಏರಿತ್ತು. ಟೋಟಲ್ ನೋಡಿದ್ರೆ ಲಾಭ. ಆದ್ರೆ ಒಂದೊಂದು ಮೀನಿನ ಸರಾಸರಿ ತೂಕ ಇಳಿದಿತ್ತು. ಬಿಡಿಸಿ ನೋಡಿದ್ರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಕಿತ್ತಳೆ ರೆಕ್ಕೆಯದು ಹೆಚ್ಚು ಕಡಿಮೆ ಕಾಣೆ.

ನೀಲಿ ರೆಕ್ಕೆಯದು ಬಂದದ್ದು ಎಲ್ಲಿಂದ? ಮಹಶೀರ್ ಉಳಿಸಬೇಕು ಅಂತಲೇ 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಾಲಾದಲ್ಲಿ ಮರಿ ಮಾಡಿಸಿ ಕಾವೇರಿಗೆ ತಂದು ಬಿಟ್ಟದ್ದು. ಉದ್ದೇಶ ಒಳ್ಳೇದೇ ಇತ್ತು. 'ಮಹಶೀರ್' ಅಂತ ಒಂದೇ ಹೆಸರಲ್ಲಿ ಲೆಕ್ಕ ಇಟ್ರು, ಯಾವ ಮಹಶೀರ್ ಅಂತ ಕೇಳಲಿಲ್ಲ. ಅಣೆಕಟ್ಟು, ಮರಳು ಗಣಿಗಾರಿಕೆ, ಡೈನಮೈಟ್ ಹಾಕಿ ಮೀನು ಹಿಡಿಯೋದು, ಇವೂ ಸೇರಿಕೊಂಡ್ವು.

ಇನ್ನೊಂದು ವಿಷಯ ಕೇಳಿ. ಈ ದೊಡ್ಡ ಮೀನಿಗೆ ವೈಜ್ಞಾನಿಕ ಹೆಸರು ಖಚಿತ ಆಗಿದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ಜಾತಿಗೆ ಸೇರಿತು. ಹೆಸರು ಸಿಕ್ಕಿದ್ದು ಹೋಗೋ ಹೊತ್ತಿಗೆ.

ವನ್ಯಧಾಮದೊಳಗೆ ಈಗ ಗಾಳ ಹಾಕೋ ಹಾಗಿಲ್ಲ. ನಿಯಮ ಸರಿ ಇರಬಹುದು. ಆದ್ರೆ ಗಾಳದ ಜೊತೆ ಆ ಲಾಗ್‌ಬುಕ್ ಕೂಡ ನಿಂತುಹೋಯ್ತು. ದಿನಾ ನದಿ ಮೇಲೆ ಇರ್ತಿದ್ದ ಊರಿನ ಗೈಡ್‌ಗಳ ಕಣ್ಣು ಈಗ ಅಲ್ಲಿಲ್ಲ. ಬೇರೆ ದಾರಿಯಲ್ಲಾದ್ರೂ ಎಣಿಸೋ ಕೆಲಸ ನಡೀಬೇಕು.

ಮುಂದಿನ ಸಲ ನಿಮ್ಮ ಏರಿಯಾ ಕೆರೆಗೆ ಯಾರಾದ್ರೂ ಮೀನು ಮರಿ ಬಿಡ್ತಿದ್ರೆ, ಫೋಟೊಗೆ ನಿಲ್ಲೋ ಮುಂಚೆ ಒಂದು ಮಾತು ಕೇಳಿ: 'ಸಾರ್, ಇದು ಯಾವ ಮೀನು?'

ಸಂಪ್ ತುಂಬಿತು ಅನ್ಸುತ್ತೆ, ವಾಲ್ವ್ ಆಫ್ ಮಾಡ್ಬೇಕು. ಮುಂದಿನ ವಾರ ಸಿಗೋಣ.