ಮಾತಿಗಾಗಿ ಕಾಯುವುದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ತಾಳ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟಕ್ಕೇರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ಆದರೆ ಇದೇ ತಾಳ್ಮೆಯನ್ನು ಮಗುವಿನ ಮಾತಿಗೂ ಅನ್ವಯಿಸಿ, “ನಿಧಾನವಾಗಿ ಬಂದೀತು, ಅವರಪ್ಪನೂ ಹೀಗೇ ಇದ್ದ” ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಶ್ರೋತೃಗಳೇ, ಇಲ್ಲಿ ಕಾಯುವುದು ಸಲ್ಲದು.

ಮಾತು ತಡವಾಗಲು ಕಾರಣಗಳು ಹಲವು. ಮೊದಲು ನೋಡಬೇಕಾದದ್ದು ಕಿವಿ. ಕೇಳದ ನುಡಿಯನ್ನು ಮಗು ಕಲಿಯುವುದಾದರೂ ಹೇಗೆ? ಹುಟ್ಟಿದ ಕೆಲವೇ ದಿನಗಳಲ್ಲಿ ಶ್ರವಣಪರೀಕ್ಷೆ ಸಾಧ್ಯ. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಜೋಡಿಸದ ಮಗುವನ್ನು ತಜ್ಞರಿಗೆ ತೋರಿಸಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಮಗುವಿನೊಂದಿಗೆ ತಾಯಿಗೂ ತರಬೇತಿಯುಂಟು. ಏಕೆಂದರೆ ಮಾತಿನ ಅಭ್ಯಾಸ ಮುಂದುವರಿಯಬೇಕಾದದ್ದು ಮನೆಯಲ್ಲಿ.

ದೊಡ್ಡವರ ಪಾಡು ಬೇರೆ. ಪಾರ್ಶ್ವವಾಯು ಬಡಿದೋ, ಮರದಿಂದ ಬಿದ್ದು ತಲೆಗೆ ಪೆಟ್ಟಾಗಿಯೋ ಮಾತು ಹೋಗಬಹುದು. ಬಹುಪಾಲು ಜನರಲ್ಲಿ ಮಾತಿನ ನೆಲೆ ಮೆದುಳಿನ ಎಡಭಾಗವೆಂಬುದನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1860ರ ದಶಕದಲ್ಲಿ ತೋರಿಸಿಕೊಟ್ಟ. ಅಲ್ಲಿ ಪೆಟ್ಟಾದವನಿಗೆ ಎದುರಿನ ಎಳನೀರು ಏನೆಂದು ಗೊತ್ತು. ಅದರ ಹೆಸರು ಮಾತ್ರ ನಾಲಿಗೆಗೆ ಬಾರದು. ಬುದ್ಧಿಯೇ ಹೋಯಿತೆಂದು ಮನೆಯವರು ಅವನನ್ನು ಕೇಳದೆಯೇ ಎಲ್ಲವನ್ನೂ ನಿರ್ಧರಿಸತೊಡಗುತ್ತಾರೆ. ಮಾತಿಗಿಂತ ದೊಡ್ಡ ನಷ್ಟ ಅದು. ಚಿತ್ರ, ಸನ್ನೆ, ಮೊದಲ ಅಕ್ಷರದ ಸುಳಿವು, ಇವುಗಳಿಂದ ಚಿಕಿತ್ಸಕರು ಎಷ್ಟೋ ಪದಗಳನ್ನು ಮರಳಿ ತರಬಲ್ಲರು. ಉಳಿದವರು ಮಾಡಬೇಕಾದದ್ದು ಇಷ್ಟೆ: ಅವನು ಪದ ಹುಡುಕುತ್ತಿರುವಾಗ ಅವಸರಪಡಿಸದಿರುವುದು.

ಮಗುವಿನ ಚಿಕಿತ್ಸೆಗೆ ಕಾಯಬೇಡಿ. ಮಾತು ಕಳೆದುಕೊಂಡ ಹಿರಿಯರ ಉತ್ತರಕ್ಕೆ ಕಾಯಿರಿ.